ಮೊದಲು ಬಿದ್ದವರು ಬಡಿಸಬೇಕು

ಹೋದ ತಿಂಗಳು ಭಂಕೂರದಲ್ಲಿ ನಮ್ಮವರದೊಂದು ಮದುವೆ. ನೆಲಕ್ಕೆ ಜಮಖಾನ ಹಾಸಿ ಊಟಕ್ಕೆ ಕೂರಿಸಿದ್ದರು. ಇಬ್ಬರು ಅಡುಗೆಯವರು ಕುದಿಯುವ ಸಾರಿನ ಬೋಗುಣಿ ಹಿಡಿದುಕೊಂಡು ಎರಡು ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ ಬರುತ್ತಿದ್ದರು. ಒಬ್ಬನ ಕಾಲು ಜಮಖಾನದ ಅಂಚಿಗೆ ಸಿಕ್ಕಿದ್ದನ್ನು ಕಂಡೆನೋ ಇಲ್ಲವೋ, ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು. "ಬೆಂಕಿ ಬರಾಕತ್ತದ, ಎಲ್ಲಾರೂ ಎಡಕ್ಕ ಸರೀರಿ."

ಕಿರುಚಿದ್ದಲ್ಲ. ಹೇಳುವ ಹಾಗೆ ಹೇಳಿದ್ದು, ಅಷ್ಟೆ. ಇಡೀ ಸಾಲು ತಟ್ಟೆ ಸಮೇತ ಎಡಕ್ಕೆ ಸರಿಯಿತು. ಮದುಮಗನ ಸೋದರಮಾವ ಯಾರ ಮಾತನ್ನೂ ಕೇಳದ ಆಸಾಮಿ ಎಂದು ಹೆಸರಾದವರು, ಅವರೂ ಸರಿದರು. ಬೋಗುಣಿ ವಾಲಿತು, ಸಾರು ಖಾಲಿ ಜಾಗದಲ್ಲಿ ಚೆಲ್ಲಿತು, ಯಾರಿಗೂ ಸುಡಲಿಲ್ಲ. ಆಮೇಲೆ ಎಲ್ಲರೂ ನನ್ನ ಮುಖ ನೋಡತೊಡಗಿದರು. ನನ್ನ ಗಂಡ ಮಾತ್ರ ಹುಗ್ಗಿಯ ಮೇಲೆ ಬಗ್ಗಿಕೊಂಡು, ಈ ಹೆಂಗಸು ಯಾರೋ ಏನೋ ಎಂಬಂತೆ ಕೂತಿದ್ದರು.

ಬೆಂಕಿ ಎಲ್ಲಿಂದ ಬರುತ್ತಿತ್ತು, ಎಡಕ್ಕೇ ಯಾಕೆ ಸರಿಯಬೇಕಿತ್ತು ಎಂದು ಅಲ್ಲಿ ವಿವರಿಸಲು ಹೋಗಲಿಲ್ಲ. ನಿಮಗಾದರೆ ಹೇಳಬಹುದು. ನಾನು ಇಪ್ಪತ್ತು ಮಂದಿಯ ಒಂದು ದಂಡಿನ ಯಜಮಾನಿ. ಆ ದಂಡು ಇರುವುದು ಕಂಪ್ಯೂಟರಿನ ಆಟದೊಳಗೆ. ಅದಕ್ಕೆ ಗಿಲ್ಡ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದು ಸಂಘ. ಬೇರೆ ಬೇರೆ ಊರಿನಲ್ಲಿ ಕೂತವರು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಒಂದೇ ಹೊತ್ತಿಗೆ ಒಂದೇ ಕೋಟೆಗೆ ನುಗ್ಗಿ ಒಳಗಿರುವ ರಾಕ್ಷಸನನ್ನು ಕೆಡವಬೇಕು. ಆ ನುಗ್ಗಾಟಕ್ಕೆ ರೇಡ್ ಎಂದು ಹೆಸರು. ಅವನು ಬೆಂಕಿ ಉಗುಳುವ ಮುಂಚೆ ಯಾರು ಯಾವ ಕಡೆ ಸರಿಯಬೇಕೆಂದು ಹೇಳುವುದು ನನ್ನ ಕೆಲಸ. ನಲವತ್ತೈದು ದಾಟಿದವಳಿಗೆ ಇದೇನು ಹುಚ್ಚು ಎಂದು ನಿಮಗೆ ಅನಿಸಿದರೆ ನನ್ನ ಗಂಡನ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಅವರಿಗೂ ಜೊತೆ ಬೇಕಾಗಿದೆ.

ಶಹಾಬಾದದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಆದಾಯದ ಸರ್ಟಿಫಿಕೇಟು, ಪರೀಕ್ಷೆಯ ಅರ್ಜಿ, ಝೆರಾಕ್ಸು. ಅರ್ಜಿಯ ಕಾಲದಲ್ಲಿ ಜನ ರಸ್ತೆಯವರೆಗೆ ನಿಲ್ಲುತ್ತಾರೆ. ಉಳಿದ ಕಾಲದಲ್ಲಿ ನಾನು, ಫ್ಯಾನು, ಮತ್ತು ಊರಿನ ಖಣಿಗಳಿಂದ ಹಾರಿ ಎಲ್ಲದರ ಮೇಲೂ ಬಂದು ಕೂರುವ ಕಲ್ಲಿನ ಪುಡಿ. ಒಂದು ಬೇಸಿಗೆಯಲ್ಲಿ ತವರಿಗೆ ಬಂದ ನನ್ನ ತಂಗಿ ಹೊತ್ತು ಹೋಗದೆ ಈ ಆಟವನ್ನು ಕಂಪ್ಯೂಟರಿಗೆ ಹಾಕಿದಳು, ನಾಲ್ಕು ದಿನ ಆಡಿದಳು, ಅದನ್ನು ಅಲ್ಲೇ ಬಿಟ್ಟು ಗಂಡನ ಮನೆಗೆ ಹೋದಳು. ಅಳಿಸಿಹಾಕೋಣವೆಂದೇ ನಾನು ತೆರೆದದ್ದು. ತೆರೆದ ಕೂಡಲೇ ಒಂದು ತೋಳ ಅಡ್ಡ ಬಂತು. ಅದನ್ನು ಹೊಡೆಯದೆ ಎದ್ದು ಹೋದರೆ ಮರ್ಯಾದೆ ಉಳಿಯುತ್ತದೆಯೇ?

ಆಟದೊಳಗೆ ಜಗತ್ತಿನ ಭಾಷೆಗಳೆಲ್ಲ ಕೇಳುತ್ತಿದ್ದವು. ಒಂದು ದಿನ ಯಾವುದೋ ಗುಹೆಯಲ್ಲಿ ಪೆಟ್ಟು ತಿಂದು ಬಿದ್ದವರೊಬ್ಬರು, "ಅರೇ, ಸತ್ತೆ ನೋಡ್ರಿ" ಎಂದರು. ನನ್ನ ಕೈ ಅಲ್ಲೇ ನಿಂತಿತು. ಸಾಯುವಾಗಲೂ ಎದುರಿನವರಿಗೆ ಮರ್ಯಾದೆ ಕೊಟ್ಟು ಸಾಯುವ ಸೀಮೆ ಯಾವುದೆಂದು ನನಗೆ ಬೇರೆಯವರು ಹೇಳಬೇಕೆ. ಯಾವೂರು ಎಂದು ಕೇಳಿದೆ. ವಾಡಿ ಎಂದರು. ನಮ್ಮ ಅಂಗಡಿಯ ಮುಂದೆ ಬಸ್ಸು ಹತ್ತಿದರೆ ಸರಿಯಾಗಿ ಒಂದು ನಿದ್ದೆಗೂ ಸಾಲದ ದಾರಿ. ಅವರೇ ಖಾಜಾಭಾಯಿ. ವಾಡಿಯಲ್ಲಿ ಮೋಟಾರು, ಮಿಕ್ಸರು ರಿಪೇರಿಯ ಅಂಗಡಿ ಇಟ್ಟವರು, ಮೆತ್ತಗಿನ ಮಾತಿನವರು. ಆಟದಲ್ಲಿ ಗುರಾಣಿ ಹಿಡಿದು ರಾಕ್ಷಸನ ಎದುರಿಗೆ ನಿಂತು, ಬರುವ ಪೆಟ್ಟನ್ನೆಲ್ಲ ತಾವೊಬ್ಬರೇ ತಿನ್ನುವ ಕೆಲಸ ಅವರದು.

ಅವರಿಂದ ಸಿದ್ದಣ್ಣ ಬಂದ. ಸೇಡಮ್ಮಿನ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಆಟದಲ್ಲಿ ಗಾಯಗೊಂಡವರಿಗೆ ಮದ್ದು ಮಾಡುವವನು. ಚಿಂಚೋಳಿಗೆ ಅಂಟಿಕೊಂಡಿರುವ ಚಂದಾಪುರದಿಂದ ರೇಣುಕಾ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸ್ ಎಂದು ತಿಳಿದಾಗ ನಮಗೆಲ್ಲ ಬಾಯಲ್ಲಿ ನೀರೂರಿತು, ಮದ್ದು ಮಾಡಲು ಇನ್ನೊಬ್ಬಳು ಸಿಕ್ಕಳೆಂದು. "ದಿನಾ ಅದನ್ನೇ ಮಾಡ್ತೀನಲ್ರಿ ಅಕ್ಕಾ. ಇಲ್ಲರ ಒಂದಿಷ್ಟು ಹೊಡೀತೀನಿ" ಎಂದು ಅವಳು ದೊಡ್ಡದೊಂದು ಕೊಡಲಿ ಆರಿಸಿಕೊಂಡಳು. ಚಿತ್ತಾಪುರದಿಂದ ವಕೀಲರು ಬಂದರು. ನಮ್ಮಲ್ಲಿ ಅವರೇ ಹಿರಿಯರು, ಬಿಲ್ಲು ಬಾಣದವರು. ಬಲಕ್ಕೆ ಓಡಿ ಎಂದರೆ ಯಾವ ಕಾರಣಕ್ಕೆ ಎಂದು ಕೇಳುವರು. ನಾನು ಕಾರಣ ಹೇಳುವಷ್ಟರಲ್ಲಿ ಅವರು ಸುಟ್ಟು ಬಿದ್ದಿರುತ್ತಿದ್ದರು. ಉಳಿದವರು ಇವರಿವರ ತಮ್ಮ, ಷಡ್ಡಕ, ಪಕ್ಕದ ಮನೆಯವರು, ಎಲ್ಲರಿಗಿಂತ ಕೊನೆಗೆ ಬಂದು ಸೇರಿದ, ಕಾಳಗಿಯಲ್ಲಿ ಬೀಜ ಗೊಬ್ಬರ ಮಾರುವವರೊಬ್ಬರು.

ಸೇರುವುದು ಭಾನುವಾರ ಮಧ್ಯಾಹ್ನ, ಉಂಡ ಮೇಲೆ. ನಮ್ಮ ಬಿಸಿಲಿನಲ್ಲಿ ಆ ಹೊತ್ತಿಗೆ ಹೊರಗೆ ಕಾಲಿಡುವವರು ಇರುವುದಿಲ್ಲ. ಬೇರೆ ಗಿಲ್ಡಿನವರು ರಾಕ್ಷಸನನ್ನು ಕೊಲ್ಲಲು ಏನೇನೋ ಪದ್ಧತಿ ಮಾಡಿಕೊಂಡಿರುತ್ತಾರೆ. ನಮ್ಮದು ಇಷ್ಟೇ: ಅರ್ಧ ಶಟರ್ ಎಳೆ, ಮಜ್ಜಿಗೆಯ ಚೊಂಬು ಪಕ್ಕದಲ್ಲಿಟ್ಟುಕೋ, ಕೂತುಕೋ.

ಗಿಲ್ಡಿಗೆ ಒಂದು ಹೆಸರು ಬೇಕಿತ್ತು. ಹುಲಿ, ಸಿಂಹ, ಸಿಡಿಲು ಎಲ್ಲವನ್ನೂ ಬೇರೆಯವರು ಮೊದಲೇ ಹಿಡಿದುಬಿಟ್ಟಿದ್ದರು. ನಾನು "ಐದೂರ ಪಂಗತಿ" ಎಂದೆ. ಊಟದ ಸಾಲಿಗೆ ನಮ್ಮಲ್ಲಿ ಪಂಗತಿ ಎನ್ನುತ್ತಾರೆ. ರಾಕ್ಷಸನನ್ನು ಹೊಡೆಯುವ ಸಂಘಕ್ಕೆ ಊಟದ ಹೆಸರೇ ಎಂದು ವಕೀಲರು ಆಕ್ಷೇಪಣೆ ಎತ್ತಿದರು. ಆದರೆ ಆ ಹೆಸರಿಗೆ ನನ್ನದೇ ಕಾರಣವಿತ್ತು.

ಅಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದರು. ಮದುವೆ, ಮುಂಜಿ ಎಂದರೆ ಮಾತ್ರ ಅವರ ಗತ್ತೇ ಬೇರೆ. ಶಹಾಬಾದದಲ್ಲಿ ಯಾರ ಮನೆಯ ಊಟವಿರಲಿ, ಬಡಿಸುವವರಿಗೆ ಮುಖ್ಯಸ್ಥರು ನಮ್ಮಪ್ಪ. ಹೆಗಲಿಗೆ ಟವೆಲು ಹಾಕಿ ಸಾಲಿನ ತುದಿಯಲ್ಲಿ ನಿಂತರೆ ಯಾರ ತಟ್ಟೆಯಲ್ಲಿ ಹುಗ್ಗಿ ಮುಗಿದಿದೆ, ಯಾರು ಸಂಕೋಚಕ್ಕೆ ಸಾಕು ಎನ್ನುತ್ತಿದ್ದಾರೆ, ಯಾರು ನಿಜವಾಗಿ ಸಾಕು ಎನ್ನುತ್ತಿದ್ದಾರೆ, ಎಲ್ಲ ಅವರಿಗೆ ಕಾಣುತ್ತಿತ್ತು. ಕಣ್ಣಲ್ಲೇ ಹುಡುಗರನ್ನು ಅತ್ತ ಇತ್ತ ಓಡಿಸುವರು. ಹುಗ್ಗಿಯ ಬಕೀಟಿನ ಹಿಂದೆ ತುಪ್ಪದ ಗಿಂಡಿ ಒಂದು ಹೆಜ್ಜೆ ತಡವಾಗಿ ಬಂದರೂ ಅವರ ಹುಬ್ಬು ಏರುತ್ತಿತ್ತು. ನನಗೆ ದಂಡು ನಡೆಸುವುದನ್ನು ಯಾರು ಕಲಿಸಿದರೆಂದು ಈಗ ನಿಮಗೆ ತಿಳಿದಿರಬೇಕು.

ಆ ಸಾಲಿಗೆ ಒಂದು ಕೊರತೆಯೂ ಇತ್ತು. ಚಪ್ಪರದೊಳಗೆ ಕೂರುವವರು ಬೇರೆ, ಚಪ್ಪರದ ಆಚೆ ಗೋಡೆಯ ನೆರಳಿಗೆ ಕೂರುವವರು ಬೇರೆ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ ಮದುವೆಯ ಊಟಕ್ಕೆ ಆ ಗೋಡೆಯ ಬದಿಗೆ ಹೋಗುತ್ತಿದ್ದಳು. ಅಪ್ಪ ಅಲ್ಲಿಗೂ ಹುಗ್ಗಿಯನ್ನು ಬಿಸಿಯಾಗಿಯೇ ಒಯ್ಯುತ್ತಿದ್ದರು. ಸಾಲನ್ನು ಒಂದು ಮಾಡುವುದು ಅವರ ಕೈಯಲ್ಲಿರಲಿಲ್ಲ, ಅಥವಾ ಅವರ ಧೈರ್ಯ ಅಷ್ಟೇ ಇತ್ತು. ಎಲ್ಲರದೂ ಆದ ಮೇಲೆ ಒಲೆಯ ಹತ್ತಿರ ತುದಿಗಾಲಲ್ಲಿ ಕೂತು ಹಂಡೆಯ ತಳದಲ್ಲಿ ಉಳಿದಿದ್ದನ್ನು ತಾವೇ ಕೆರೆದು ತಿನ್ನುವರು. ನಿನಗೆ ಯಾರೂ ಬಡಿಸುವುದಿಲ್ಲವೇನಪ್ಪ ಎಂದು ಒಮ್ಮೆ ಕೇಳಿದ್ದೆ. "ಬಡಸವ್ಗ ಯಾರು ಬಡಸ್ತಾರವ್ವ" ಎಂದು ನಕ್ಕಿದ್ದರು. ನನಗೆ ಆಗ ನಗು ಬಂದಿರಲಿಲ್ಲ.

ಹೆಸರೇನೋ ಇಟ್ಟೆವು. ಆ ಹೆಸರು ನಮ್ಮ ಮೈಮೇಲೆಯೇ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ರಾಕ್ಷಸ ಬಿದ್ದಾಗ ಅವನ ಹತ್ತಿರದ ಒಂದು ಸಾಮಾನು ನಮಗೆ ಸಿಗುತ್ತದೆ. ಎಲ್ಲರ ಪರದೆಯ ಮೇಲೂ ಎರಡು ಗುಂಡಿಗಳು ಬರುತ್ತವೆ. ಒಂದು, ನನಗೆ ಬೇಕು. ಇನ್ನೊಂದು, ಬಿಡುತ್ತೇನೆ. ನಾವು ಮೊದಲ ಸಲ ಒಬ್ಬ ದೊಡ್ಡ ರಾಕ್ಷಸನನ್ನು ಕೆಡವಿದಾಗ ಬಂದದ್ದು ಒಂದು ಗುರಾಣಿ. ಖಾಜಾಭಾಯಿಯವರ ಹಳೆಯ ಗುರಾಣಿ ಸೊಟ್ಟಗಾಗಿ ತಾಟಿನ ಹಾಗಿತ್ತು. ಅವರಿಗೇ ಸಿಗಲಿ ಎಂದು ನಾನು ಬಿಡುತ್ತೇನೆ ಒತ್ತಿದೆ. ಸಿದ್ದಣ್ಣ ಒತ್ತಿದ, ರೇಣುಕಾ ಒತ್ತಿದಳು, ಹತ್ತೊಂಬತ್ತು ಮಂದಿಯೂ ಒತ್ತಿದರು. ಖಾಜಾಭಾಯಿಯವರು, ಹಿರಿಯರಾದ ವಕೀಲರು ಇರುವಾಗ ತಾವು ಮೊದಲು ಕೈ ಚಾಚುವುದು ಹೇಗೆಂದು ಅದನ್ನೇ ಒತ್ತಿದರು. ಯಾರಿಗೂ ಬೇಡವಾದ ಗುರಾಣಿ ನಮ್ಮ ಕಣ್ಣೆದುರೇ ಕರಗಿಹೋಯಿತು.

ರೇಣುಕಾ ಕೇಳಿದಳು, "ಎಲ್ಲಾರೂ ಬಿಟ್ರೇನ್ರಿ?"

ಈ ಸುದ್ದಿ ಹೇಗೋ ಹೊರಗೆ ಹೋಗಿ, ಕೊಂದು ಸಾಮಾನು ಬಿಟ್ಟು ಬರುವ ಗಿಲ್ಡ್ ಎಂದು ಆಟದ ತುಂಬ ನಗೆಪಾಟಲಾದೆವು. ನಗುವವರಿಗೆ ಏನು ಗೊತ್ತು? ಎದುರಿಗೆ ಹೋಳಿಗೆಯ ಪುಟ್ಟಿಯೇ ಇದ್ದರೂ ನಮ್ಮ ಪಂಗತಿಯಲ್ಲಿ ಯಾರೂ ತಾವಾಗಿ ಕೈ ಹಾಕುವುದಿಲ್ಲ. ಬಡಿಸುವವರು ಬರಬೇಕು, ಬೇಡವೆನ್ನಬೇಕು, ಬೇಡವೆಂದರೂ ಹಾಕಬೇಕು. ನಮಗೆ ಕೊರತೆಯಿದ್ದದ್ದು ಆಸೆಯದ್ದಲ್ಲ, ಬಡಿಸುವವರದ್ದು. ಇದು ಹೊಳೆದ ಕೂಡಲೇ ನಾನು ಕಾಯಿದೆ ಮಾಡಿದೆ. ರಾಕ್ಷಸನನ್ನು ಕೆಡವಿದ ಸಲದಲ್ಲಿ ಮೊದಲು ಸತ್ತು ಬಿದ್ದವರು ಬಡಿಸಬೇಕು. ಅವರು ಹೇಗೂ ನೆಲಕ್ಕೆ ಬಿದ್ದುಕೊಂಡು ಯಾರು ಹೇಗೆ ಕಾದಾಡಿದರೆಂದು ನೋಡುತ್ತಿರುತ್ತಾರೆ. ಸಾಮಾನು ಯಾರಿಗೆ ಎಂದು ಅವರು ಹೇಳಿದ ಮೇಲೆ ಸಾಕು, ಬೇಡ ಎನ್ನುವಂತಿಲ್ಲ. ಬಡಿಸಿದವರಿಗೆ ಮಾತ್ರ ಆ ದಿನ ಏನೂ ಇಲ್ಲ.

ಕಾರಣ ಕೇಳಿ ಸಾಯುವ ರೂಢಿಯಿಂದಾಗಿ ಮುಕ್ಕಾಲು ಭಾನುವಾರ ವಕೀಲರೇ ಬಡಿಸುವವರಾದರು. ಜೀವನಪರ್ಯಂತ ಎದುರು ನಿಂತು ಕೇಳಿದ್ದ ತೀರ್ಪನ್ನು ಈಗ ತಾವೇ ಕೊಡುವ ಯೋಗ. ಪೀಠಿಕೆ ಹಾಕಿ, ಎರಡೂ ಕಡೆಯ ವಾದ ತಾವೇ ಮಂಡಿಸಿ, ಕೊನೆಗೆ ಒಂದು ಜೊತೆ ಬೂಟನ್ನು ಸಿದ್ದಣ್ಣನಿಗೆ ದಯಪಾಲಿಸುವಷ್ಟರಲ್ಲಿ ಮಜ್ಜಿಗೆ ಮುಗಿದಿರುತ್ತಿತ್ತು. ಬಡಿಸುವ ಆಸೆಗೆ ಬೇಕೆಂದೇ ಸಾಯುತ್ತಾರೆಂದು ರೇಣುಕಾಳಿಗೆ ಈಗಲೂ ಅನುಮಾನ. ಆದರೆ ಒಂದು ಮಾತು. ಅವರು ಬಡಿಸಿದ್ದರಲ್ಲಿ ಒಮ್ಮೆಯೂ ಯಾರಿಗೂ ಕಸಿವಿಸಿಯಾಗಲಿಲ್ಲ. ಬೇರೆ ಗಿಲ್ಡುಗಳು ಹಂಚಿಕೆಯ ಜಗಳಕ್ಕೇ ಒಡೆದು ಹೋಳಾಗುತ್ತಿದ್ದಾಗ ನಮ್ಮದು ಗಟ್ಟಿಯಾಗುತ್ತ ಹೋಯಿತು. ಇದನ್ನು ಹೇಳುವಾಗ ನನ್ನ ದನಿ ಏರುತ್ತದೆಂದು ನನ್ನ ಗಂಡನ ದೂರು. ಏರಲಿ.

ಹೀಗಿರುವಾಗ ಆಟ ನಡೆಸುವವರಿಂದ ಒಂದು ಸೂಚನೆ ಬಂತು. ಆಟದಲ್ಲಿ ಬೇರೆ ಬೇರೆ ಕೇರಿಗಳಿರುತ್ತವೆ. ನಮ್ಮ ಕೇರಿಯಲ್ಲಿ ಆಡುವವರು ಕಡಿಮೆಯಾದ್ದರಿಂದ ಅದನ್ನು ಮುಚ್ಚಿ ದೊಡ್ಡದೊಂದು ಕೇರಿಗೆ ಕೂಡಿಸುತ್ತೇವೆ ಎಂದಿದ್ದರು. ಕೊನೆಯ ರಾಕ್ಷಸನನ್ನು ಕೆಡವಿದ ಗಿಲ್ಡುಗಳು ಹೆಸರಿನ ಸಮೇತ ಆಚೆಗೆ ಬರಬಹುದು. ಕೆಡವದಿದ್ದವರ ಗಿಲ್ಡ್ ಅಲ್ಲಿಗೇ ಮುಗಿಯಿತು, ಆಡುವವರು ಒಬ್ಬೊಬ್ಬರಾಗಿ ಬಂದು ಎಲ್ಲಾದರೂ ಸೇರಿಕೊಳ್ಳಬೇಕು. ಆ ಕೊನೆಯ ರಾಕ್ಷಸನಿಗೆ ನಾವು ಕಲ್ಲರಸ ಎಂದು ಹೆಸರಿಟ್ಟಿದ್ದೆವು. ಅವನ ಮುಂದೆ ನಾವು ಸೋತ ಸಲವನ್ನು ಎಣಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ.

ನನಗೆ ಅನ್ನ ಸೇರಲಿಲ್ಲ. ಆಟ ಹೋದರೆ ಹೋಗಲಿ, ಇನ್ನೊಂದು ಸಿಗುತ್ತದೆ. ಆದರೆ ಖಾಜಾಭಾಯಿ, ರೇಣುಕಾ, ಸಿದ್ದಣ್ಣ, ವಕೀಲರು, ನಾನು, ಐದೂರಿನವರು ಒಂದೇ ಸಾಲಿನಲ್ಲಿ, ನಡುವೆ ಗೋಡೆಯಿಲ್ಲದೆ ಕೂತ ಪಂಗತಿ ನಾನು ಕಂಡದ್ದು ಇದೊಂದೇ. ಅದನ್ನು ಕೂರಿಸಿದವಳು ನಾನು. ಅದು ನನ್ನ ಕಣ್ಣೆದುರು ಎದ್ದು ಚೆದುರಿಹೋಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಕಲ್ಲರಸನ ಕಷ್ಟ ಅವನ ಬೆಂಕಿಯಲ್ಲಿರಲಿಲ್ಲ. ಕಾಳಗದ ನಡುವೆ ಅವನು ಯಾರಾದರೂ ಒಬ್ಬರಿಗೆ ಶಾಪ ಹಾಕುತ್ತಾನೆ. ಶಾಪ ತಗುಲಿದವರು ಆ ಕ್ಷಣವೇ ಗುಂಪು ಬಿಟ್ಟು ದೂರದ ಮೂಲೆಗೆ ಓಡಿ ಅಲ್ಲಿ ಸಾಯಬೇಕು. ಗುಂಪಿನಲ್ಲೇ ಉಳಿದರೆ ಎಲ್ಲರೂ ಸಾಯುತ್ತಾರೆ. ಓಡುವುದೇನು ದೊಡ್ಡ ವಿದ್ಯೆಯಲ್ಲ. ಆದರೆ ನಾಲ್ಕು ಜನ ಕೂತಲ್ಲಿಂದ ಹೇಳದೆ ಕೇಳದೆ ಎದ್ದು ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ. ಸಿದ್ದಣ್ಣನಿಗೆ ಶಾಪ ತಗುಲಿದರೆ, "ಅಕ್ಕಾರ, ನಾ ಹೋಗಿ ಬರ್ತೀನ್ರಿ" ಎನ್ನುವನು. ಹೋಗಿ ಬರ್ರಿ ಎಂದು ನಾಲ್ಕು ಮಂದಿ ಹೇಳುವರು. ಕಾಳಗಿಯವರು, ಹುಷಾರ ಎಂದು ಸೇರಿಸುವರು. ಅಷ್ಟರಲ್ಲಿ ಶಾಪ ಸಿಡಿದು ಇಪ್ಪತ್ತು ಹೆಣ ನೆಲದ ಮೇಲೆ. ಭಾನುವಾರದ ಮೇಲೆ ಭಾನುವಾರ ನಾವು ಸೌಜನ್ಯಕ್ಕೆ ಸತ್ತೆವು.

ಕೊನೆಯ ಭಾನುವಾರ ಬಂತು. ಸಂಜೆಗೆ ನಮ್ಮ ಕೇರಿ ಮುಚ್ಚುವುದಿತ್ತು. ಸಿದ್ದಣ್ಣ ಪಾಳಿ ಮುಗಿಸಿ ಸಿಮೆಂಟಿನ ಮೈಯಲ್ಲೇ ಕೂತಿದ್ದ. ಮೊದಲೆರಡು ಸಲ ಸೋತೆವು. ಮೂರನೆಯ ಸಲ ಕಲ್ಲರಸನ ಜೀವವನ್ನು ಅರ್ಧಕ್ಕೆ ಇಳಿಸಿದಾಗ ವಾಡಿಯಲ್ಲಿ ಕರೆಂಟು ಹೋಯಿತು. ಖಾಜಾಭಾಯಿಯವರ ಹಳೆಯ ಇನ್ವರ್ಟರು ಫ್ಯಾನು, ಕಂಪ್ಯೂಟರು ಎರಡನ್ನೂ ಎಳೆಯುವಂಥದ್ದಲ್ಲ. ಅದು ಮೇ ತಿಂಗಳು. ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಅವರ ಹೆಂಡತಿಯ ದನಿ ಕೇಳಿಸಿತು. "ಫ್ಯಾನ್ ಬಂದ್ ಮಾಡೀನಿ. ನೀವು ನಡಸ್ರಿ."

ಅದೇ ಗಳಿಗೆಯಲ್ಲಿ ಶಾಪ ಬಂದು ನನಗೇ ತಗುಲಿತು. ನಾನು ಯಾರಿಗೂ ಏನೂ ಹೇಳಲಿಲ್ಲ. ಜೀವನದಲ್ಲಿ ಮೊದಲ ಸಲ ಹೋಗಿ ಬರ್ತೀನಿ ಎನ್ನದೆ ಎದ್ದು, ಮೂಲೆಗೆ ಓಡಿ, ಅಲ್ಲಿ ಬಿದ್ದೆ. ಬಿದ್ದವರ ಕೈಕಾಲು ಆಡುವುದಿಲ್ಲ, ಬಾಯಿ ಆಡುತ್ತದೆ. ನೆಲದ ಮೇಲಿಂದ ನೋಡಿದರೆ ಇಡೀ ಸಾಲು ಕಾಣುತ್ತಿತ್ತು. ಯಾರ ಜೀವ ತಳ ಹಿಡಿದಿದೆ, ಯಾರಿಗೆ ಮದ್ದು ಮುಟ್ಟಿಲ್ಲ, ಎಲ್ಲ. ಅಪ್ಪ ತುದಿಯಲ್ಲಿ ನಿಂತು ನೋಡುತ್ತಿದ್ದುದು ಹೀಗೆಯೇ ಇರಬೇಕು. ಸಿದ್ದಣ್ಣ, ಖಾಜಾಭಾಯಿಯವರಿಗೆ ಹಾಕು. ರೇಣುಕಾ, ತುಸು ತಡಿ. ಆಮೇಲೆ ಕಲ್ಲರಸ ಬಾಯಿ ತೆರೆದ. "ಬೆಂಕಿ ಬರಾಕತ್ತದ, ಎಡಕ್ಕ ಸರೀರಿ" ಎಂದೆ. ಎಲ್ಲರೂ ಸರಿದರು. ವಕೀಲರು ಕಾರಣ ಕೇಳದೆ ಸರಿದರು. ದಂಡಿನ ಯಜಮಾನಿಯೇ ಸತ್ತ ಮೇಲೆ ಯಾರ ಜೊತೆ ವಾದ ಮಾಡಲಿ ಎಂದು ಆಮೇಲೆ ಹೇಳಿದರು. ರೇಣುಕಾಳ ಕೊಡಲಿ ಎದ್ದು ಇಳಿಯಿತು, ಕಲ್ಲರಸ ಮೊಣಕಾಲೂರಿ ಉರುಳಿದ.

ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ನಮ್ಮ ಹೆಸರು ಬಂತು, ಐದೂರ ಪಂಗತಿ, ಮುಂದಿನ ಕೇರಿಗೆ ದಾಖಲಾಯಿತೆಂದು. ವಕೀಲರು ಅದನ್ನು ಗಟ್ಟಿಯಾಗಿ ಓದಿದರು, ಮತ್ತೊಮ್ಮೆ ಓದಿದರು. ನನ್ನ ಎದೆ ಎಷ್ಟು ಉಬ್ಬಿತ್ತೆಂದು ಬರೆದರೆ ನೀವು ನಂಬಲಿಕ್ಕಿಲ್ಲ.

ಬಿದ್ದ ಸಾಮಾನು ಮತ್ತೊಂದು ಗುರಾಣಿ. ಆ ಸಲ ಮೊದಲು ಸತ್ತವಳು ನಾನು, ಕಾಯಿದೆಯಂತೆ ಬಡಿಸಬೇಕಾದವಳೂ ನಾನೇ. "ಖಾಜಾಭಾಯಿ, ಇದು ನಿಮ್ಮ ತಾಟಿಗೆ ಹಾಕೀನಿ. ಸಾಕು ಅನ್ನಂಗಿಲ್ಲ" ಎಂದೆ. ಅವರು ಬೇಡ ಎನ್ನಲಿಲ್ಲ. ಗುರಾಣಿ ಈ ಸಲ ಕರಗಲಿಲ್ಲ.

ಆಯಿತಲ್ಲ, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹೆಡ್‌ಫೋನ್ ತೆಗೆಯಲು ಹೋದೆ. ಹೋಗಬೇಡಿ ಎಂದಳು ರೇಣುಕಾ. ಸಿದ್ದಣ್ಣ ಮದ್ದು ಹಾಕಿ ನನ್ನನ್ನು ಎಬ್ಬಿಸಿದ. ಎದ್ದು ನೋಡುತ್ತೇನೆ, ಹತ್ತೊಂಬತ್ತು ಮಂದಿಯೂ ನನ್ನ ಸುತ್ತ ನಿಂತಿದ್ದಾರೆ. ಕಾದಾಡುವ ಮುಂಚೆ ಶಕ್ತಿ ಬರಲೆಂದು ತಿನ್ನುವ ಅಡುಗೆ ಆಟದಲ್ಲಿ ಎಲ್ಲರ ಜೋಳಿಗೆಯಲ್ಲೂ ಇರುತ್ತದೆ, ನೆಲದ ಮೇಲೆ ಇಟ್ಟರೆ ತಟ್ಟೆಯ ಹಾಗೆ ಕಾಣುತ್ತದೆ. ಒಬ್ಬೊಬ್ಬರೇ ಬಂದು ನನ್ನ ಮುಂದೆ ಒಂದೊಂದು ತಟ್ಟೆ ಇಡತೊಡಗಿದರು. ರೊಟ್ಟಿಯಂಥದ್ದು, ಹೆಸರು ತಿಳಿಯದ ಹಣ್ಣು, ಹೊಗೆಯಾಡುವ ಸಾರು. ವಕೀಲರೂ ಪೀಠಿಕೆಯಿಲ್ಲದೆ ಇಟ್ಟುಹೋದರು. ಕೊನೆಗೆ ಖಾಜಾಭಾಯಿ ಹೊಸ ಗುರಾಣಿಯನ್ನು ಬೆನ್ನಿಗೆ ಹಾಕಿಕೊಂಡು ಮುಂದೆ ಬಂದರು.

"ಅಕ್ಕಾರ, ಎಲ್ಲಾರ್ದೂ ಆತು. ಈಗ ನೀವು ಕುಂದ್ರಿ. ನಾವು ಬಡಸ್ತೀವಿ."

ಆಟದಲ್ಲಿ ಕೂರುವುದಕ್ಕೂ ಒಂದು ಗುಂಡಿಯಿದೆ. ಇಷ್ಟು ವರ್ಷದಲ್ಲಿ ನಾನು ಅದನ್ನು ಒತ್ತಿರಲಿಲ್ಲ. ಒತ್ತಿದೆ. ನನ್ನ ಬೊಂಬೆ ಆ ತಟ್ಟೆಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿತು. ಒಲೆಯ ಹತ್ತಿರ ತುದಿಗಾಲಲ್ಲಿ ಕೂತಿರುತ್ತಿದ್ದ ಅಪ್ಪ ಕಣ್ಣ ಮುಂದೆ ಬಂದರು, ಪರದೆ ಮಂಜಾಯಿತು.

ಗಂಡ ಬಸ್ಸಿನ ಡ್ಯೂಟಿ ಮುಗಿಸಿ ಅರ್ಧ ಶಟರಿನ ಕೆಳಗೆ ತೂರಿ ಒಳಗೆ ಬಂದರು. ನನ್ನ ಮುಖ ನೋಡಿ, "ಮತ್ತ ಸೋತಿ ಏನ?" ಎಂದು ಕೇಳಿದರು.

"ಇಲ್ರಿ, ಗೆದ್ದೀವಿ" ಎಂದೆ. "ಊಟಕ್ಕ ಕುಂತೀನಿ."